ನೋಟೀಸ್ ಕಳಿಸುವ ಮೊದಲು

ಬಸವನಗುಡಿ

ಪುಟ್ಟಿಗೆ,

ನಿನ್ನ ವಕೀಲರು ಬರೆದುಕೊಟ್ಟ ನೋಟೀಸಿನ ಕರಡು ಓದಿದೆ. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಹೊಡೆದುಹಾಕುವಂಥದ್ದೇನೂ ಇಲ್ಲ. ಆದರೆ ನಡುವೆ ಒಂದು ಸಾಲಿದೆ ನೋಡು: ‘ನಮ್ಮ ಕಕ್ಷಿದಾರರನ್ನು ವಂಚಿಸುವ ದುರುದ್ದೇಶದಿಂದಲೇ ನೀವು ಬಿಲ್ಡರ್ ಜೊತೆ ಮಾತುಕತೆ ನಡೆಸಿರುತ್ತೀರಿ.’ ನಮ್ಮ ವೃತ್ತಿಯಲ್ಲಿ ಈ ಸಾಲು ಹೆಚ್ಚುಕಡಿಮೆ ಎಲ್ಲ ನೋಟೀಸಿನಲ್ಲೂ ಇರುತ್ತದೆ. ಬರೆಯುವವರು ಯೋಚಿಸಿ ಬರೆಯುವುದಿಲ್ಲ, ಎದುರು ಕಡೆಯ ವಕೀಲರು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಿನ್ನ ಅಣ್ಣನಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ಲಕೋಟೆ ಒಡೆದಾಗ ಅವನ ಕಣ್ಣಿಗೆ ಬೀಳುವುದು ಒಂದೇ: ತಂಗಿ ನನ್ನನ್ನು ಮೋಸಗಾರ ಅಂದಳು. ಆಮೇಲೆ ನೀನು ಎಷ್ಟೇ ಬಿಡಿಸಿ ಹೇಳಿದರೂ ಆ ಸಾಲು ಅವನ ಮನಸ್ಸಿನಿಂದ ಹೋಗುವುದಿಲ್ಲ.

ಕಳಿಸಲೇಬೇಡ ಅನ್ನುತ್ತಿಲ್ಲ. ವಿಭಾಗದ ದಾವೆ ಹೂಡುವ ಮೊದಲು ಮನೆಯವರಿಗೆ ನೋಟೀಸ್ ಕೊಡಲೇಬೇಕೆಂಬ ಕಾನೂನಿಲ್ಲ. ಅದು ಸ್ವಲ್ಪ ದಿನ ನಿನ್ನ ಬೀರುವಿನಲ್ಲಿದ್ದರೆ ನಿನ್ನ ಹಕ್ಕಿಗೆ ಚ್ಯುತಿಯಿಲ್ಲ. ಆ ಸ್ವಲ್ಪ ದಿನದಲ್ಲಿ ಏನು ಮಾಡಬಹುದು ಅನ್ನುವುದಕ್ಕೇ ಈ ಪತ್ರ. ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀರಿ ಅಂತ ಕೇಳಬೇಡ. ನಿನ್ನ ಹಾಗೇ ಕಡತ ಹಿಡಿದುಕೊಂಡು ನಮ್ಮ ಮನೆಗೆ ಬರುವ ಮಕ್ಕಳು ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಯಲ್ಲಿ ಬಹಳ ಮಂದಿ ಇದ್ದಾರೆ, ಅವರೂ ಓದಲಿ. ಗುರುತು ಸಿಗದಂತೆ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ನೀನು ಕೇಳಿದ್ದು, ‘ದೊಡ್ಡಮ್ಮಾ, ನೀವೇ ಅಣ್ಣನಿಗೆ ಫೋನ್ ಮಾಡಿ ನಾಲ್ಕು ಮಾತು ಹೇಳಿ’ ಅಂತ. ಮಾಡುವುದಿಲ್ಲ. ನಿನ್ನ ಮೇಲೆ ಅಕ್ಕರೆ ಕಡಿಮೆಯಾಗಿ ಅಲ್ಲ. ಅಪ್ಪನ ಮನೆಯನ್ನು ಅಣ್ಣ ಬಿಲ್ಡರ್‌ಗೆ ಕೊಡಹೊರಟ ವಿಷಯ ಯಾರದೋ ಮದುವೆಮನೆಯಲ್ಲಿ ಬೇರೆಯವರ ಬಾಯಿಂದ ತಿಳಿಯಿತು ಅನ್ನುವುದೇ ನಿನ್ನ ಸಂಕಟ. ಈಗ ನಿನ್ನ ಸಂಕಟವೂ ಅವನಿಗೆ ಬೇರೆಯವರ ಬಾಯಿಂದಲೇ ತಿಳಿದರೆ ಅವನಿಗೂ ಅಷ್ಟೇ ನೋವಾಗುತ್ತದೆ. ತಂಗಿ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ ಅಂದುಕೊಳ್ಳುತ್ತಾನೆ. ಅಮ್ಮನ ಮೂಲಕ ಹೇಳಿಕಳಿಸುವುದಂತೂ ಬೇಡವೇ ಬೇಡ. ಇಬ್ಬರು ಮಕ್ಕಳ ಮಾತನ್ನು ಅತ್ತಿಂದಿತ್ತ ಸಾಗಿಸುವ ತಾಯಿ ಎರಡೂ ಕಡೆ ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಾಳೆ. ಅದು ತಾಯಿಯ ಸ್ವಭಾವ. ಕೊನೆಗೆ ಇಬ್ಬರೂ ಆಡದ ಮಾತೊಂದರ ಮೇಲೆ ಜಗಳ ನಿಲ್ಲುತ್ತದೆ, ಇಬ್ಬರೂ ಅವಳನ್ನೇ ಬಯ್ಯುತ್ತಾರೆ.

ನಮ್ಮ ಈ ಹಳೇ ಬಡಾವಣೆಗಳ ಜಗಳಕ್ಕೆ ಒಂದು ರೀತಿಯಿದೆ, ನಿನಗೂ ಅದು ಗೊತ್ತು. ಕೂಗಾಟ ಕಡಿಮೆ. ಮಾತು ಬಿಡುತ್ತೇವೆ. ಹೊರಗಿನವರಿಗೆ ಅದು ಮರ್ಯಾದೆಯ ಹಾಗೆ ಕಾಣುತ್ತದೆ, ನಮಗೂ ಅದು ಮರ್ಯಾದೆಯೇ ಅನ್ನಿಸಿಬಿಟ್ಟಿದೆ. ತಂದೆಯ ಶ್ರಾದ್ಧದ ದಿನ ಒಂದೇ ಸಾಲಿನಲ್ಲಿ ಎಲೆ ಹಾಕಿಸಿಕೊಂಡು ಕೂತ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಅಣ್ಣ ಬಡಿಸುವವರಿಗೆ ಹೇಳುತ್ತಾನೆ, ‘ಅವರಿಗೆ ಇನ್ನೊಂದು ವಡೆ ಹಾಕಿ.’ ತಮ್ಮ ಬಡಿಸುವವರಿಗೇ ಹೇಳುತ್ತಾನೆ, ‘ಸಾಕು ಅಂತ ಹೇಳಿ ಅವರಿಗೆ.’ ಇಬ್ಬರ ಎಲೆಗಳ ನಡುವೆ ಒಂದು ಮೊಳ ಅಂತರವಿರಲಿಲ್ಲ. ಅವರಿಬ್ಬರ ನಡುವೆ ಏನಾಗಿತ್ತು ಅಂತ ನಾನು ಆಮೇಲೆ ಕೇಳಿದರೆ ಮನೆಯ ಯಾರೊಬ್ಬರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಮೊದಲ ಕಾರಣ ಮರೆತುಹೋಗಿತ್ತು. ಮಾತು ಬಿಟ್ಟದ್ದೇ ಜಗಳವಾಗಿ ಉಳಿದುಕೊಂಡಿತ್ತು.

ಇದಕ್ಕೆ ಮೂಲ ಎಲ್ಲಿದೆ ಅಂತ ಯೋಚಿಸಿದ್ದೇನೆ. ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟಿದ್ದು ಹೊಂದಿಕೊಂಡು ಹೋಗು ಅಂತ. ಒಳ್ಳೆಯ ಮಾತೇ. ಆದರೆ ಏನನ್ನು ಬಿಟ್ಟುಕೊಟ್ಟೆ, ಯಾರಿಗಾಗಿ ಬಿಟ್ಟುಕೊಟ್ಟೆ ಅಂತ ಬಾಯಿಬಿಟ್ಟು ಹೇಳುವುದನ್ನು ಯಾರೂ ಕಲಿಸಲಿಲ್ಲ. ನೀನು ಅಪ್ಪನ ಆಸ್ಪತ್ರೆ ದಿನಗಳಲ್ಲಿ ರಜೆ ಹಾಕಿ ಕೂತೆ. ಆ ರಜೆಯಿಂದ ನಿನಗೆ ಬರಬೇಕಿದ್ದ ಬಡ್ತಿ ತಪ್ಪಿತು. ಅಣ್ಣನಿಗೆ ಅದು ಗೊತ್ತೇ ಇಲ್ಲ, ಯಾಕೆಂದರೆ ನೀನು ಹೇಳಲಿಲ್ಲ. ಅವನು ಮಹಡಿಯ ಮೇಲಿದ್ದುಕೊಂಡು ಅಮ್ಮನ ಮಂಡಿನೋವು, ರಾತ್ರಿಯ ಏಳುಬೀಳು, ಸೋರುವ ತಾರಸಿ, ಕಂದಾಯ ಎಲ್ಲ ನೋಡಿಕೊಂಡ. ನಿನಗೆ ಅದರ ಅರ್ಧವೂ ಗೊತ್ತಿಲ್ಲ, ಯಾಕೆಂದರೆ ಅವನೂ ಹೇಳಲಿಲ್ಲ. ಇಬ್ಬರೂ ಒಳಗೊಳಗೇ ಲೆಕ್ಕ ಬರೆದಿಟ್ಟುಕೊಂಡಿರಿ, ಇನ್ನೊಬ್ಬರು ತಾವಾಗಿ ಬಂದು ಓದಲಿ ಅಂತ ಕಾದಿರಿ. ಬಿಲ್ಡರ್ ಬಂದದ್ದು ನೆಪ ಮಾತ್ರ. ಬಿಟ್ಟುಕೊಡುವುದಿದ್ದರೆ ಹೇಳಿ ಬಿಟ್ಟುಕೊಡು. ಹೇಳದೆ ಬಿಟ್ಟುಕೊಟ್ಟದ್ದು ಬಡ್ಡಿ ಸಮೇತ ವಾಪಸು ಬರುತ್ತದೆ. ಈ ಪತ್ರದಲ್ಲಿ ಮಿಕ್ಕ ಏನು ಮರೆತರೂ ಇದೊಂದನ್ನು ನೆನಪಿಟ್ಟುಕೋ.

ಕಳೆದ ಸಲ ಬಂದಾಗ ಅಳುತ್ತಾ, ‘ನಂಗೇನೂ ಬೇಡ ದೊಡ್ಡಮ್ಮ, ಎಲ್ಲಾ ಅವನೇ ಇಟ್ಕೊಳ್ಳಲಿ, ಸೈನ್ ಹಾಕಿಬಿಡ್ತೀನಿ’ ಅಂದೆ. ಮಾರನೇ ವಾರ ಈ ನೋಟೀಸು ತಂದೆ. ಇವೆರಡೂ ಒಂದೇ ನೋವಿನಿಂದ ಬಂದವು, ಎರಡನ್ನೂ ಮಾಡಬೇಡ. ‘ನಂಗೇನೂ ಬೇಡ’ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಹೆಣ್ಣುಮಕ್ಕಳನ್ನು ವಕೀಲಿಕೆಯ ಉದ್ದಕ್ಕೂ ನೋಡಿದ್ದೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಗುನಗುತ್ತಾ ಹೆಬ್ಬೆಟ್ಟು ಒತ್ತುತ್ತಾರೆ, ತವರಿನ ಬಾಗಿಲು ತೆರೆದಿದ್ದರೆ ಸಾಕು ಅನ್ನುತ್ತಾರೆ. ಮೊದಲ ಗೌರಿ ಹಬ್ಬಕ್ಕೆ ಬಾಗಿನ ಬರುವುದು ತಡವಾದರೆ ಸಾಕು, ಅವತ್ತು ಎದೆಯಲ್ಲಿ ಉರಿ ಹತ್ತಿಕೊಳ್ಳುತ್ತದೆ. ಪ್ರೀತಿಯಿಂದ, ತಿಳಿದು, ಇಷ್ಟು ಬೆಲೆಯದ್ದನ್ನು ಬಿಡುತ್ತಿದ್ದೇನೆ ಅಂತ ಅಣ್ಣನ ಎದುರು ಹೇಳಿ ಬಿಡುವುದಾದರೆ ಬಿಡು, ನನ್ನ ಅಡ್ಡಿಯಿಲ್ಲ. ಮುನಿಸಿನಿಂದ ಬಿಡಬೇಡ.

ತಿಳಿದು ಅಂದೆನಲ್ಲ, ಅದಕ್ಕೆ ಕಾನೂನು ಸ್ವಲ್ಪ ಗೊತ್ತಿರಬೇಕು. 2005ರ ತಿದ್ದುಪಡಿಯಿಂದಲೇ ಹೆಣ್ಣುಮಕ್ಕಳಿಗೆ ಪಾಲು ಬಂತು ಅಂತ ಬಹಳ ಜನ ನಂಬಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಲ್ಲೂ ನಮ್ಮ ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತ್ತು. 2005ರಲ್ಲಿ ಕೇಂದ್ರದ ಕಾಯ್ದೆ ಆ ಮದುವೆಯ ಷರತ್ತನ್ನು ತೆಗೆಯಿತು. ಆ ಹಕ್ಕು ಸಿಗಲು 2005ರಲ್ಲಿ ತಂದೆ ಬದುಕಿರಬೇಕಾಗಿರಲಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ನಿಮ್ಮ ಮನೆ ಅಪ್ಪನ ಸ್ವಯಾರ್ಜಿತ, ಅವರೇ ದುಡಿದು ಕೊಂಡದ್ದು, ವಿಲ್ ಬರೆದಿಲ್ಲ. ಅಂಥ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಅಮ್ಮ, ಅಣ್ಣ, ನೀನು, ಮೂವರಿಗೂ ಸಮಪಾಲು. ಇದನ್ನು ಅಣ್ಣನ ಮುಖಕ್ಕೆ ಹಿಡಿಯಬೇಕು ಅಂತ ಹೇಳುತ್ತಿಲ್ಲ. ನಿನ್ನ ಪಾಲು ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಗೊತ್ತಿದ್ದರೆ ನಿನ್ನ ದನಿಯಲ್ಲಿ ಭಯವಿರುವುದಿಲ್ಲ, ಭಯವಿಲ್ಲದ ದನಿ ತಾನಾಗಿ ತಗ್ಗುತ್ತದೆ. ಇನ್ನೊಂದು: ಮೂರರಲ್ಲಿ ಒಂದು ಪಾಲು ಅಮ್ಮನದು. ನೀವಿಬ್ಬರೂ ಮಾತು ಬಿಟ್ಟ ಮೇಲೆ ಅವರಿಗೇನು ಬೇಕು ಅಂತ ಯಾರಾದರೂ ಕೇಳಿದಿರಾ?

ಈಗ ಮಾತಾಡುವ ಕ್ರಮಕ್ಕೆ ಬರೋಣ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದಕ್ಷರ ಹಾಕಬೇಡ. ಹಬ್ಬದ ದಿನ ಬೇಡ, ಊಟದ ಮೇಜಿನಲ್ಲಿ ಬೇಡ, ಅತ್ತಿಗೆಯ ಎದುರು ಬೇಡ. ಅಣ್ಣನಿಗೇ ಫೋನ್ ಮಾಡಿ ಸಮಯ ಕೇಳು. ಯಾವ ವಿಷಯಕ್ಕೆ ಅಂತಲೂ ಹೇಳು, ಇಲ್ಲದಿದ್ದರೆ ‘ಸ್ವಲ್ಪ ಮಾತಾಡ್ಬೇಕು’ ಅನ್ನುವ ಒಂದು ವಾಕ್ಯವೇ ಅವನ ನಿದ್ದೆ ಕೆಡಿಸುತ್ತದೆ, ಅವನು ಬರುವಾಗಲೇ ಸಿಡುಕಿಕೊಂಡು ಬರುತ್ತಾನೆ. ಬೆಳಗಿನ ಹೊತ್ತು ಸ್ಯಾಂಕಿ ಕೆರೆಯ ಸುತ್ತ ನಡೆಯುತ್ತಾ ಮಾತಾಡಿ. ಎದುರುಬದುರು ಕೂತರೆ ಮುಖ ನೋಡಿ ಮಾತು ಬಿಗಿಯುತ್ತದೆ. ಪಕ್ಕಪಕ್ಕ ನಡೆಯುವಾಗ ಮೌನವೂ ಮುಜುಗರವಲ್ಲ.

ಮೊದಲ ಮಾತು ಏನಿರಬೇಕು ಅನ್ನುವುದನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ ಹೊಸದಾಗಿ ಮದುವೆಯಾದ 124 ಜೋಡಿಗಳ ವಾಗ್ವಾದವನ್ನು ಚಿತ್ರೀಕರಿಸಿ, ವರ್ಷಗಟ್ಟಲೆ ಅವರನ್ನು ಗಮನಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಗಳದ ಮೊದಲ ಮೂರು ನಿಮಿಷ ನೋಡಿದರೇ ಮುಂದೆ ಯಾವ ಮದುವೆ ಮುರಿಯುವ ಸಂಭವ ಹೆಚ್ಚು ಅಂತ ಅಂದಾಜಿಸಬಹುದು ಅನ್ನುವುದು ಅದರ ಸಾರ. ಗಂಡಹೆಂಡಿರಿಗೆ ಹೇಳಿದ್ದು ಒಡಹುಟ್ಟಿದವರಿಗೂ ಸಲ್ಲುತ್ತದೆ ಅಂತ ನನ್ನ ಅನುಭವ. ನಿನ್ನ ಮನಸ್ಸಿನಲ್ಲಿ ಸಿದ್ಧವಾಗಿರುವ ವಾಕ್ಯ ನನಗೆ ಗೊತ್ತು: ‘ನೀನು ಮೊದಲಿಂದಾನೂ ಹೀಗೇ, ಎಲ್ಲಾ ಮುಚ್ಚಿಟ್ಕೊಂಡೇ ಮಾಡೋದು.’ ಇದಕ್ಕೆ ಅವನ ಉತ್ತರವೂ ಸಿದ್ಧವಾಗಿದೆ: ‘ನೀನೇನ್ ಕಮ್ಮಿ? ಅಮ್ಮ ಬಿದ್ದಾಗ ಎಲ್ಲಿದ್ದೆ?’ ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಹೇಳಿ ನೋಡು: ‘ಅಣ್ಣ, ಬಿಲ್ಡರ್ ವಿಷಯ ನಂಗೆ ಮದುವೆಮನೇಲಿ ಗೊತ್ತಾಯ್ತು. ಎಲ್ಲರ ಮುಂದೆ ಏನ್ ಹೇಳ್ಬೇಕೋ ತೋಚಲಿಲ್ಲ. ತುಂಬಾ ಬೇಜಾರಾಯ್ತು. ನಿನ್ನಿಂದಾನೇ ಕೇಳ್ಬೇಕಿತ್ತು ಅನ್ನಿಸ್ತು. ಏನಾಯ್ತು ಹೇಳು.’ ಇದರಲ್ಲಿ ನಡೆದದ್ದಿದೆ, ನಿನಗಾದದ್ದಿದೆ, ಒಂದು ಪ್ರಶ್ನೆಯಿದೆ. ಅವನ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ‘ಯಾವಾಗಲೂ’, ‘ಒಂದ್ ಸಲಾನೂ’ ಅನ್ನುವ ಮಾತುಗಳನ್ನು ಮನೆಯಲ್ಲೇ ಬಿಟ್ಟು ಹೋಗು. ಅವುಗಳಿಗೆ ಎದುರಿನವರು ತಕ್ಷಣ ಒಂದು ಅಪವಾದ ಹುಡುಕಿ ತೋರಿಸುತ್ತಾರೆ, ವಿಷಯ ಅಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರು. ಇದು ಬಹಳ ಕಷ್ಟ. ಅವನು ಹೇಳುವಾಗ ನಿನ್ನ ತಲೆಯಲ್ಲಿ ಉತ್ತರ ತಯಾರಾಗುತ್ತಿರುತ್ತದೆ, ನಾವು ವಕೀಲರಿಗಂತೂ ಅದೇ ಅಭ್ಯಾಸ. ಅವನು ನಿಲ್ಲಿಸಿದ ಮೇಲೆ ಅವನು ಹೇಳಿದ್ದನ್ನೇ ನಿನ್ನ ಮಾತಿನಲ್ಲಿ ಹೇಳು: ‘ಅಂದ್ರೆ, ಅಮ್ಮಂಗೆ ಮೆಟ್ಟಿಲು ಇಳಿಯಕ್ಕಾಗಲ್ಲ, ತಾರಸಿ ರಿಪೇರಿಗೆ ಸುರಿದಷ್ಟೂ ಸಾಲಲ್ಲ, ನೀನೊಬ್ಬನೇ ಇದನ್ನೆಲ್ಲ ಹೊತ್ಕೊಂಡಿದೀಯ, ಅಲ್ವಾ?’ ಅವನು ‘ಹೂಂ, ಅದೇ’ ಅನ್ನುವ ತನಕ ನಿನ್ನ ಸರದಿ ಬಂದಿಲ್ಲ ಅಂತ ತಿಳಿದುಕೋ. ಅವನು ಹೇಳಿದ್ದು ನಿನಗೆ ಅರ್ಥವಾಗಿದೆ ಅಂದಮಾತ್ರಕ್ಕೆ ನೀನು ಒಪ್ಪಿಕೊಂಡ ಹಾಗಲ್ಲ. ಈ ಎರಡನ್ನೂ ಒಂದೇ ಅಂದುಕೊಂಡೇ ನಾವು ಇನ್ನೊಬ್ಬರ ಮಾತನ್ನು ಅರ್ಥಮಾಡಿಕೊಳ್ಳಲು ಹೆದರುತ್ತೇವೆ.

ಇಲ್ಲಿಂದ ಮುಂದೆ ಬೇಡಿಕೆ ಬೇರೆ, ಅದರ ಹಿಂದಿನ ಅಗತ್ಯ ಬೇರೆ ಅನ್ನುವುದು ಗೊತ್ತಿರಬೇಕು. ನಾನಿದನ್ನು ಕಲಿತದ್ದು ಕಾನೂನು ಕಾಲೇಜಿನಲ್ಲಲ್ಲ, ಚಾಮರಾಜಪೇಟೆಯ ವಠಾರದಲ್ಲಿ. ಸಾಲಾಗಿ ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ನೀರು ಬರುತ್ತಿದ್ದದ್ದು ಬೆಳಗಿನ ಜಾವ. ಒಬ್ಬಾಕೆಯ ಗಂಡ ಬಿನ್ನಿ ಮಿಲ್ಲಿನಲ್ಲಿ ಮೊದಲ ಪಾಳಿಗೆ ಹೋಗಬೇಕು, ಅಷ್ಟರಲ್ಲಿ ಅಡುಗೆಯಾಗಬೇಕು, ಅದಕ್ಕೆ ಮೊದಲ ಕೊಡ ನನ್ನದು ಅನ್ನುವಳು. ಇನ್ನೊಬ್ಬರು ಮಡಿಯವರು, ದೇವರ ನೀರು ಮೊದಲು ಹಿಡಿಯಬೇಕು, ಮೊದಲ ಕೊಡ ನನ್ನದು ಅನ್ನುವರು. ಹಿತ್ತಾಳೆ ಕೊಡಗಳು ಒಂದಕ್ಕೊಂದು ತಾಗಿ ಸೊಟ್ಟಗಾಗುವವರೆಗೂ ಹೋಗಿತ್ತು. ವಠಾರದ ಅರ್ಧ ಜನ ಇತ್ತ, ಅರ್ಧ ಜನ ಅತ್ತ. ನಮ್ಮಜ್ಜಿ ಯಾರು ಸರಿ ಅಂತ ತೀರ್ಪು ಕೊಡಲಿಲ್ಲ. ಮಡಿಯವರ ಹತ್ತಿರ ಹೋಗಿ, ‘ಮೊದಲ್ನೇದೇ ಯಾಕೆ ಬೇಕು?’ ಅಂತ ಕೇಳಿದರು. ‘ಬೇರೆಯವರು ಮುಟ್ಟಿದ ನಲ್ಲೀಲಿ ಹೇಗೆ ಹಿಡಿಯೋದು?’ ಅಂತ ಆಕೆ. ‘ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಹಿಡಿದ್ರೆ?’ ‘ತೊಳೆದ್ರೆ ಏನೂ ದೋಷ ಇಲ್ಲ.’ ಆಕೆಗೆ ಬೇಕಿದ್ದದ್ದು ತೊಳೆದ ನಲ್ಲಿ, ಮೊದಲ ಸರದಿಯಲ್ಲ. ಮಾರನೇ ದಿನದಿಂದ ಮಿಲ್ಲಿನವರ ಮನೆಯ ಕೊಡ ಮೊದಲು, ಆಮೇಲೆ ನಲ್ಲಿ ತೊಳೆದು ದೇವರ ನೀರು. ಮಡಿಯ ಕಟ್ಟಳೆಯೇ ನನಗೆ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ, ಆ ಮಾತು ಬೇರೆ. ಅಜ್ಜಿ ಕೇಳಿದ ‘ಯಾಕೆ’ ಮಾತ್ರ ವಕೀಲಿಕೆಯ ಉದ್ದಕ್ಕೂ ಕೈಹಿಡಿಯಿತು.

ಅಜ್ಜಿಗೆ ಗೊತ್ತಿದ್ದದ್ದನ್ನು ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರ ಉಪನ್ಯಾಸವೊಂದರಲ್ಲಿ ಹೇಳಿದ್ದಾರೆ. ಗ್ರಂಥಾಲಯದ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್ ಅವರಿಗೆ ಮುಚ್ಚಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಿದ್ದದ್ದು ಗಾಳಿ, ಇನ್ನೊಬ್ಬರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರವಾಗಿ ಬೀಸುವ ಚಳಿಗಾಳಿ. ಅರ್ಧ ತೆರೆದಿದ್ದರೆ ಇಬ್ಬರಿಗೂ ಅಸಮಾಧಾನವೇ ಆಗುತ್ತಿತ್ತು. ನಿಮ್ಮ ಮನೆಯಲ್ಲಿ ಅಣ್ಣನ ಬೇಡಿಕೆ ಬಿಲ್ಡರ್‌ಗೆ ಕೊಡೋಣ ಅಂತ, ನಿನ್ನದು ಕೊಡಬಾರದು ಅಂತ. ‘ಯಾಕೆ’ ಕೇಳಿ ನೋಡು. ಅವನಿಗೆ ಬೇಕಿರುವುದು ಲಿಫ್ಟ್, ಸೋರದ ಸೂರು, ಮಕ್ಕಳ ಓದಿಗೆ ಕೈಯಲ್ಲಿ ಸ್ವಲ್ಪ ಹಣ. ನಿನಗೆ ಬೇಕಿರುವುದು, ನನಗೆ ಕಂಡಂತೆ, ನಿನ್ನನ್ನೂ ಕೇಳಬೇಕು ಅನ್ನುವುದು, ಅಪ್ಪನ ಮನೆಯಲ್ಲಿ ನಿನಗೂ ಒಂದು ಜಾಗ ಉಳಿಯಬೇಕು ಅನ್ನುವುದು. ಇವೆರಡಕ್ಕೂ ಹೊಂದುವ ದಾರಿ ಮೂರು-ನಾಲ್ಕಾದರೂ ಇವೆ. ಬೇಡಿಕೆಗಳ ಮೇಲೆಯೇ ಕೂತರೆ ಇರುವುದು ಒಂದೇ, ಸಿಟಿ ಸಿವಿಲ್ ಕೋರ್ಟು. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿಗೆ ಮತ್ತೊಂದು ಸುತ್ತು, ನಡುವೆ ಅಪೀಲು. ಮೂವತ್ತು-ನಲವತ್ತರ ಸೈಟನ್ನು ಮೂರು ಭಾಗ ಮಾಡಲು ಬರುವುದಿಲ್ಲ ಅಂತಾದರೆ 1893ರ ವಿಭಜನಾ ಕಾಯ್ದೆಯಡಿ ಮಾರಿ ಹಣ ಹಂಚುವುದಕ್ಕೂ ಅವಕಾಶವಿದೆ. ಆಗ ಮನೆ ನಿನಗೂ ಇಲ್ಲ, ಅವನಿಗೂ ಇಲ್ಲ.

ಮಾತಿನ ನಡುವೆ ಸಿಟ್ಟು ಏರಿದರೆ ನಿಲ್ಲಿಸು. ಎದೆ ಹೊಡೆದುಕೊಳ್ಳುವಾಗ ಕಿವಿ ಕೇಳುವುದಿಲ್ಲ. ಕನಿಷ್ಠ ಇಪ್ಪತ್ತು ನಿಮಿಷವಾದರೂ ಬಿಡುವು ಬೇಕು ಅಂತ ಗಾಟ್‌ಮನ್ ಹೇಳುತ್ತಾರೆ. ಆದರೆ ಸುಮ್ಮನೆ ಎದ್ದುಹೋಗಬೇಡ. ‘ಈಗ ಆಗ್ತಿಲ್ಲ ಅಣ್ಣ, ನಾಡಿದ್ದು ಇದೇ ಹೊತ್ತಿಗೆ ಬರ್ತೀನಿ’ ಅಂತ ದಿನ ಹೇಳಿ ಎದ್ದೇಳು, ಹೇಳಿದ ದಿನ ಹೋಗು. ದಿನ ಹೇಳದೆ ಎದ್ದರೆ ಅದು ಬಿಡುವಲ್ಲ, ಮತ್ತೆ ಮಾತು ಬಿಟ್ಟದ್ದೇ.

ಕ್ಷಮೆ ಕೇಳುವುದಿದ್ದರೆ ‘ಆದರೆ’ ಸೇರಿಸದೆ ಕೇಳು. ಅಮ್ಮ ಬಿದ್ದ ದಿನ ನೀನು ಬರಲಿಲ್ಲ, ಕಾರಣ ಇತ್ತು, ನನಗೆ ಗೊತ್ತು. ‘ಅವತ್ತು ಬರಬೇಕಿತ್ತು, ಬರಲಿಲ್ಲ, ನೀನೊಬ್ಬನೇ ಓಡಾಡಿದೆ’ ಅಂತ ನಿಲ್ಲಿಸು. ಕಾರಣವನ್ನು ಅವನು ಕೇಳಿದಾಗ ಹೇಳು.

ಒಪ್ಪಿದ್ದನ್ನೆಲ್ಲ ಬರೆದಿಡಿ. ಮನೆಯವರ ನಡುವೆ ಕಾಗದ ಯಾಕೆ ಅನ್ನುವ ಸಂಕೋಚದಿಂದಲೇ ಎಷ್ಟೋ ರಾಜಿಗಳು ಒಂದು ವರ್ಷದಲ್ಲಿ ಮುರಿಯುತ್ತವೆ. ಅಮ್ಮನ ಔಷಧಿಗೆ ಯಾರು ಎಷ್ಟು, ತಿಂಗಳಲ್ಲಿ ಯಾವ ವಾರ ಅವರು ನಿನ್ನ ಮನೆಯಲ್ಲಿ, ಬಿಲ್ಡರ್ ಕರೆದರೆ ಇಬ್ಬರೂ ಒಟ್ಟಿಗೆ ಹೋಗುವುದು, ಇಷ್ಟು ಸಾಕು ಮೊದಲಿಗೆ. ದಿನಾಂಕ ಹಾಕಿ. ಆಸ್ತಿ ಹಂಚುವ ಕಾಗದ ಮಾತ್ರ ನೀವೇ ಬರೆದುಕೊಳ್ಳಬೇಡಿ, ಅದಕ್ಕೆ ಸ್ಟಾಂಪು, ನೋಂದಣಿಯ ನಿಯಮಗಳಿವೆ, ವಕೀಲರ ಕೈಯಲ್ಲೇ ಆಗಬೇಕು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಮೂರನೆಯವರು ಬೇಕು. ನಾನಲ್ಲ, ನಿನ್ನ ಸೋದರಮಾವನೂ ಅಲ್ಲ. ಯಾರ ಕಡೆಯವರೂ ಅಲ್ಲ ಅಂತ ಇಬ್ಬರಿಗೂ ಅನ್ನಿಸಬೇಕು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ಬೆಂಗಳೂರು ಮೀಡಿಯೇಷನ್ ಸೆಂಟರ್ ಇದೆ. ದಾವೆ ಹೂಡಿದ ಮೇಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ನ್ಯಾಯಾಧೀಶರು ಪ್ರಕರಣವನ್ನು ಅಲ್ಲಿಗೆ ಕಳಿಸಬಹುದು. ದಾವೆಗೆ ಮೊದಲೇ ರಾಜಿ ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಹೋಗಬಹುದು. ಅಲ್ಲಾದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲಿಲ್ಲ. ಮೀಡಿಯೇಷನ್ ಸೆಂಟರಿನಲ್ಲಾದರೆ ಮೀಡಿಯೇಟರ್ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಒಬ್ಬರೇ ಇದ್ದಾಗ ಆಡಿದ್ದನ್ನು ನೀನು ಒಪ್ಪದೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಅಲ್ಲಿ ನಡೆದದ್ದು ಹೊರಗೆ ಬರುವಂತಿಲ್ಲ. ಅದಕ್ಕೇ ಅಲ್ಲಿನ ಒಂದು ಕಥೆಯನ್ನೂ ಈ ಪತ್ರದಲ್ಲಿ ಹೇಳಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಂತೂ ನೆರೆಹೊರೆಯ ಶಾಂತಿ ಕೆಡಿಸುವ ಜಗಳಗಳಿಗೆ ಮೂವರು ಮಧ್ಯಸ್ಥರ ಸಮುದಾಯ ಮಧ್ಯಸ್ಥಿಕೆಯ ಅವಕಾಶವಿಟ್ಟಿದ್ದಾರೆ. ಅಕ್ಕಪಕ್ಕದ ಮನೆಯವರೊಂದಿಗೆ ಪಾರ್ಕಿಂಗ್ ಜಗಳವಿರುವ ಓದುಗರು ಇದನ್ನು ತಿಳಿದುಕೊಳ್ಳಬೇಕು.

ಓದುವ ಬೇರೆ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೇಲೆ ಹೇಳಿದ್ದೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಹೆದರದಿರುವ ಜಗಳಕ್ಕೆ. ಕೈ ಎತ್ತುವವರ ಜೊತೆ, ಬೆದರಿಸುವವರ ಜೊತೆ, ವರದಕ್ಷಿಣೆ ಕೇಳುವವರ ಜೊತೆ ಮೆಲುಮಾತಿನ ಅಭ್ಯಾಸ ಮಾಡುತ್ತಾ ಕೂರಬೇಡಿ. ಅಲ್ಲಿ ಹೊಂದಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ. ಪೊಲೀಸರಿದ್ದಾರೆ, ವನಿತಾ ಸಹಾಯವಾಣಿ ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ವಯಸ್ಸಾದ ತಂದೆತಾಯಿಯನ್ನು ಮಕ್ಕಳೇ ಕಡೆಗಣಿಸಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಿದೆ.

ನಿನ್ನ ಮನೆಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿರುವುದು ಅಪ್ಪ ಹೋದ ದುಃಖವನ್ನು ಒಟ್ಟಿಗೆ ಕೂತು ಅಳದ ಅಣ್ಣತಂಗಿ. ಈ ವಾರ ಅಪ್ಪನ ಕ್ರಯಪತ್ರದ ನಕಲು, ಖಾತಾ, ಇತ್ತೀಚಿನ ಕಂದಾಯದ ರಸೀದಿ ತೆಗೆದುಕೊಂಡು ಬಾ, ನೋಡಿಕೊಡುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬಾ, ಅವರ ಪಾಲಿನ ವಿಷಯ ಅವರಿಗೇ ಬಿಡಿಸಿ ಹೇಳುತ್ತೇನೆ. ಅಣ್ಣನಿಗೆ ಫೋನ್ ಮಾಡುವುದನ್ನು ಭಾನುವಾರದ ಬೆಳಿಗ್ಗೆಗಿಂತ ಮುಂದೆ ಹಾಕಬೇಡ, ಆ ಹೊತ್ತಿಗೆ ಅವನ ಕಾಫಿ ಆಗಿರುತ್ತದೆ, ಮಕ್ಕಳು ಇನ್ನೂ ಎದ್ದಿರುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ